ಕಾಯಂ ಕೆಲಸ ಬಿಟ್ಟು ಫ್ರೀಲಾನ್ಸ್ ಟಿವಿ ನಿರೂಪಣೆ: ಇಳಿಯಬಹುದಾ, ಬೇಡವಾ?

ಬೆಳಗಿನ ಬುಲೆಟಿನ್
ಸುದ್ದಿ ಚಾನೆಲ್ ಒಂದರಲ್ಲಿ ಕಾಯಂ ನಿರೂಪಕಿ ನಾನು. ಬೆಳಗಿನ ಬುಲೆಟಿನ್ ಓದುತ್ತೇನೆ, ವಾರಕ್ಕೊಮ್ಮೆ ಒಂದು ಚರ್ಚೆ ನಡೆಸುತ್ತೇನೆ. ಸಂಬಳ ತಪ್ಪದೆ ಬರುತ್ತದೆ. ಯಾರ ಜೊತೆಗೂ ಜಗಳವಿಲ್ಲ, ಯಾರೂ ಹೊರಗೆ ಹಾಕುತ್ತಿಲ್ಲ. ಆದರೂ ಬಿಡೋಣ ಅನ್ನಿಸಿಬಿಟ್ಟಿದೆ.

ಕಾರಣ ದೊಡ್ಡದೇನಲ್ಲ. ಕ್ಯಾಮೆರಾ ಮುಂದೆ ಅಕ್ಷರ ಓಡಿಸುವ ಪ್ರಾಂಪ್ಟರ್‌ನಲ್ಲಿ ಬಂದದ್ದನ್ನು ಓದಿ ಓದಿ ಸಾಕಾಗಿದೆ. ವಿಜ್ಞಾನದ ಕಾರ್ಯಕ್ರಮ, ಕ್ವಿಜ್, ಉದ್ದದ ಸಂದರ್ಶನ ಇಂಥವು ಮಾಡಬೇಕು ಅಂತ ಆಸೆ. ಈಗಿನ ಕರಾರಿನಲ್ಲಿ ಹೊರಗಿನ ಒಂದು ಸಮಾರಂಭದ ವೇದಿಕೆ ಹತ್ತುವುದಕ್ಕೂ ಅನುಮತಿ ಕೇಳಬೇಕು. ಕೇಳಿದರೆ ಇಲ್ಲ ಅನ್ನುತ್ತಾರೆ. ಹೊರಗಿನ ಇಬ್ಬರು ನಿರ್ಮಾಪಕರು "ನೀವು ಬನ್ನಿ, ಕೆಲಸಕ್ಕೇನು ಬರ" ಅಂದಿದ್ದಾರೆ. ಮನೆಯಲ್ಲಿ ಮಾತ್ರ ಯಾರಿಗೂ ಇಷ್ಟವಿಲ್ಲ.

ಎಷ್ಟು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡು ಬಿಡಬೇಕು? ದಿನಕ್ಕೆ ಇಷ್ಟು ಅಂತ ಕೇಳುವುದು ಹೇಗೆ? ಪರದೆಯಿಂದ ಸ್ವಲ್ಪ ಕಾಲ ಮಾಯವಾದರೆ ಜನ ಮರೆತೇಬಿಡುತ್ತಾರಾ? ಬಿಟ್ಟವರು, ಬಿಡಲು ಹೋಗಿ ನಿಂತವರು ಯಾರಾದರೂ ಹೇಳಿ. ಸಮಾಧಾನದ ಮಾತು ಬೇಡ.

ಸುಮ್ನೆ ನೋಡ್ತಿದ್ದೆ
"ಕೆಲಸಕ್ಕೇನು ಬರ" ಅಂದವರು ತಾರೀಖು ಹೇಳಿದ್ರಾ? ಹೇಳಿಲ್ಲ ಅಂದರೆ ಅದು ಮೂಗಿಗೆ ಸವರಿದ ತುಪ್ಪ ಅಷ್ಟೇ.

ಹಳೇ ಇಯರ್‌ಪೀಸ್
ನಾನು ಚಾನೆಲ್ ಬಿಟ್ಟು ಬಹಳ ವರ್ಷವಾಯಿತು. ಇನ್ನೂ ಹೊರಗೇ ದುಡಿಯುತ್ತಿದ್ದೇನೆ. ಹಾಗಾಗಿ ಬೇಡ ಅಂತ ಹೆದರಿಸುವವಳು ನಾನಲ್ಲ.

ಆದರೆ ಒಂದು ಲೆಕ್ಕ ಈಗಲೇ ಹಾಕಿಕೊಳ್ಳಿ. ಈಗ ನಿಮಗೆ ಬರುವ ಫೋನುಗಳಲ್ಲಿ ಎಷ್ಟು ನಿಮಗೆ, ಎಷ್ಟು ನಿಮ್ಮ ಮೈಕ್ ಮೇಲಿರುವ ಲೋಗೋಗೆ? ಕೆಲಸ ಬಿಟ್ಟ ಮಾರನೇ ವಾರವೇ ಇದು ಗೊತ್ತಾಗುತ್ತದೆ. ಅತಿಥಿಗಳು, ಪಿಆರ್ ಏಜೆನ್ಸಿಯವರು, ಆಹ್ವಾನ ಕಳಿಸುವವರು ಎಲ್ಲರೂ ನಿಮ್ಮ ಜಾಗಕ್ಕೆ ಬಂದ ಹೊಸಬರ ಹತ್ತಿರ ಹೋಗುತ್ತಾರೆ. ಅವರದ್ದು ತಪ್ಪಲ್ಲ. ಅವರಿಗೆ ಬೇಕಿದ್ದದ್ದು ಆ ಸ್ಲಾಟ್.

ಇನ್ನು ಚಾನೆಲ್ ನಿಮಗೆ ಸದ್ದಿಲ್ಲದೆ ಕೊಡುತ್ತಿರುವುದನ್ನು ನೋಡಿ. ಮೇಕಪ್, ಬಟ್ಟೆ, ಕತ್ತಲಲ್ಲಿ ಮನೆ ಬಾಗಿಲಿಗೆ ಬರುವ ಕಾರು, ನಿಮ್ಮ ಓದಿನ ವೇಗ ಗೊತ್ತಿರುವ ಪ್ರಾಂಪ್ಟರ್ ಆಪರೇಟರ್, ಅತಿಥಿಯ ಹೆಸರು ಸರಿಯಾಗಿ ಬರೆದುಕೊಡುವ ಹುಡುಗ. ಹೊರಗೆ ಬಂದ ಮೇಲೆ ಇದೆಲ್ಲ ಒಂದೋ ನೀವೇ ಮಾಡಬೇಕು, ಇಲ್ಲ ನೀವೇ ದುಡ್ಡು ಕೊಡಬೇಕು.

ಮತ್ತೆ ಹೊರಗಿನವರು ದುಡ್ಡು ಕೊಡುವುದು ಓದುವುದಕ್ಕಲ್ಲ. ಓದುವವರು ಬೇಕಾದಷ್ಟು ಜನ ಇದ್ದಾರೆ. ಲೈವ್ ನಡೆಯುತ್ತಿದೆ, ವಿಡಿಯೋ ರೋಲ್ ಆಗಲಿಲ್ಲ. ಅತಿಥಿಯ ಲೈನ್ ಕಡಿದಿದೆ. ಕಿವಿಯಲ್ಲಿ "ನಲವತ್ತು ಸೆಕೆಂಡ್ ತುಂಬಿಸಿ" ಅಂತ ಕೇಳುತ್ತದೆ. ನೀವು ಮುಖ ಬದಲಿಸದೆ, ಹೇಳಿದ್ದನ್ನೇ ಹೇಳದೆ ಮಾತಾಡುತ್ತೀರಿ. ಕಿವಿಯಲ್ಲಿ "ಮೂರು, ಎರಡು, ಒಂದು" ಮುಗಿಯುವುದಕ್ಕೂ ನಿಮ್ಮ ವಾಕ್ಯ ಮುಗಿಯುವುದಕ್ಕೂ ಸರಿಹೋಗುತ್ತದೆ. ಆ ನಿರ್ಮಾಪಕ ಮುಂದಿನ ಸಲವೂ ನಿಮಗೇ ಫೋನ್ ಮಾಡುತ್ತಾನೆ. ಈ ಕೆಲಸ ನಿಮಗೆ ಬರುತ್ತದಾ? ಚರ್ಚೆ ನಡೆಸುತ್ತೀರಿ ಅಂದಿರಲ್ಲ, ಬರಬಹುದು.

ಪಿಸಿಆರ್ ಪಕ್ಕದವ
ಮೇಡಂ ಹೇಳಿದ್ದು ನೂರಕ್ಕೆ ನೂರು. ನಾನು ಕಂಟ್ರೋಲ್ ರೂಮಿನಲ್ಲಿ ಕೂರುವವನು. ಹೊರಗಿನ ನಿರೂಪಕರು ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಟಾಕ್‌ಬ್ಯಾಕ್, ಅಂದರೆ ಕಂಟ್ರೋಲ್ ರೂಮಿನಿಂದ ನಿಮ್ಮ ಕಿವಿಗೆ ಬರುವ ಮಾತು, ಓಪನ್ ಬೇಕಾ ಸ್ವಿಚ್ಡ್ ಬೇಕಾ ಅಂತ. ಓಪನ್ ಅಂದರೆ ಒಳಗಿನ ಗಲಾಟೆಯೆಲ್ಲ ಕಿವಿಗೆ ಬೀಳುತ್ತದೆ. ಡೈರೆಕ್ಟರ್ ಕ್ಯಾಮೆರಾ ಕರೆಯುವುದು, ಗ್ರಾಫಿಕ್ಸ್‌ನವನಿಗೆ ಬೈಯುವುದು, ಎಲ್ಲ. ಸ್ವಿಚ್ಡ್ ಅಂದರೆ ಗುಂಡಿ ಒತ್ತಿ ಮಾತಾಡಿದಾಗ ಮಾತ್ರ ಕೇಳುತ್ತದೆ. ಓಪನ್ ಇಟ್ಟುಕೊಂಡು ನಗುತ್ತಾ ಮಾತಾಡುವವರಿಗೆ ಏನು ಬರುತ್ತಿದೆ ಅಂತ ಮೊದಲೇ ಗೊತ್ತಿರುತ್ತದೆ, ನಾನು ವಿವರಿಸುತ್ತಾ ಕೂರಬೇಕಿಲ್ಲ. ಅಂಥವರಿಗೆ ನನ್ನ ಕಡೆಯಿಂದ ಎರಡನೇ ಕರೆ ಖಂಡಿತ.

"ಟಾಕ್‌ಬ್ಯಾಕ್ ಯಾಕೆ, ಸ್ಕ್ರಿಪ್ಟ್ ಇದೆಯಲ್ಲ" ಅಂದವರನ್ನೂ ನೋಡಿದ್ದೇನೆ. ಅವರಿಗೆ ಫೋನ್ ಹೋಗಲಿಲ್ಲ.

ಬಿಸಿಲುಕುದುರೆ
ಇಷ್ಟೆಲ್ಲ ಯಾಕೆ ಗುರು. ಟಿವಿ ನೋಡೋರೇ ಕಮ್ಮಿ ಆಗಿದ್ದಾರೆ. ಬಿಡೋದಾದ್ರೆ ಟಿವಿಯನ್ನೇ ಬಿಡಿ. ಒಂದು ಫೋನು, ಒಂದು ಮೈಕು, ಯೂಟ್ಯೂಬ್. ನಿಮ್ಮ ಕಾರ್ಯಕ್ರಮಕ್ಕೆ ನೀವೇ ರಾಣಿ.

ಲೆಕ್ಕದ ಮಾಸ್ತರ
@ಬಿಸಿಲುಕುದುರೆ, ಯೂಟ್ಯೂಬ್ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಜಾಹೀರಾತಿನ ದುಡ್ಡು ಶುರುವಾಗುವುದಕ್ಕೇ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಶಾರ್ಟ್ಸ್‌ಗೆ ಬೇರೆ ಲೆಕ್ಕ. 2018ರಿಂದ ಇದೇ ನಿಯಮ. ಅದು ಬರೀ ಬಾಗಿಲು ತೆರೆಯುವ ಅಳತೆ, ಹೊಟ್ಟೆ ತುಂಬುವ ಅಳತೆ ಅಲ್ಲ.

ಈಗ ಅವರು ಕೇಳಿದ ಪ್ರಶ್ನೆಗೆ ಬರುತ್ತೇನೆ.

ಉಳಿತಾಯ ಎಷ್ಟಿರಬೇಕು? ಆರು ತಿಂಗಳ ಖರ್ಚು ಅಂತ ಎಲ್ಲರೂ ಹೇಳುತ್ತಾರೆ. ಈ ಕಸುಬಿಗೆ ಅದು ಸಾಲುವುದಿಲ್ಲ. ಯಾಕೆ ಅಂತ ನೋಡಿ. ಬಿಟ್ಟ ಮೇಲೆ ಮೊದಲ ಶೂಟ್ ಸಿಗಲು ಎರಡು ತಿಂಗಳು ಅಂದುಕೊಳ್ಳೋಣ. ಅದು ಪ್ರಸಾರವಾಗಲು ಇನ್ನೊಂದು ತಿಂಗಳು. ಬಿಲ್ ಕೊಟ್ಟ ಮೇಲೆ 90 ದಿನ. ಎಲ್ಲ ಸರಿಯಾಗಿ ನಡೆದರೂ ಮೊದಲ ದುಡ್ಡು ಕೈಗೆ ಬರುವ ಹೊತ್ತಿಗೆ ಆರು ತಿಂಗಳು ಮುಗಿದಿರುತ್ತದೆ. ಅಂದರೆ ಅಷ್ಟೊತ್ತಿಗೆ ನಿಮ್ಮ ಉಳಿತಾಯ ಸೊನ್ನೆ, ಬಂದದ್ದು ಒಂದೇ ಒಂದು ಚೆಕ್. ಕಡಿಮೆ ಅಂದರೂ ಒಂಬತ್ತು ತಿಂಗಳು, ಸಾಧ್ಯವಾದರೆ ಒಂದು ವರ್ಷದ್ದು ಇಟ್ಟುಕೊಳ್ಳಿ.

ದಿನದ ರೇಟ್ ವಿಷಯ. ತಿಂಗಳ ಸಂಬಳವನ್ನು ತಿಂಗಳ ದಿನಗಳಿಂದ ಭಾಗಿಸಿ "ಇದರ ಮೇಲೆ ಸ್ವಲ್ಪ ಜಾಸ್ತಿ" ಅಂತ ಕೇಳುತ್ತಾರೆ. ಹಾಗೆ ಮಾಡಬೇಡಿ. ವರ್ಷಕ್ಕೆ 365 ದಿನ. ವಾರಾಂತ್ಯದ 104 ತೆಗೆದರೆ 261. ರಜೆ, ಹಬ್ಬ, ಜ್ವರ ಎಲ್ಲ ಸೇರಿ 31 ಹೋಯಿತು ಅನ್ನಿ, ಉಳಿದದ್ದು 230. ಇದರಲ್ಲಿ ಅರ್ಧ ಕೆಲಸ ಹುಡುಕುವುದು, ಮೀಟಿಂಗು, ತಯಾರಿ, ಬಿಲ್ಲಿನ ಹಿಂದೆ ಓಡುವುದು. ದುಡ್ಡು ತರುವ ದಿನ 115. ಈಗ ನಿಮ್ಮ ವರ್ಷದ ಸಂಬಳಕ್ಕೆ ಕಂಪನಿ ಕಟ್ಟುತ್ತಿದ್ದ ವಿಮೆ, ನಿವೃತ್ತಿ ನಿಧಿ ಸೇರಿಸಿ, 115ರಿಂದ ಭಾಗಿಸಿ. ಬಂದದ್ದು ನೋಡಿ ಗಾಬರಿಯಾಗುತ್ತದೆ. ಅದು ಲಾಭದ ರೇಟ್ ಅಲ್ಲ, ಈಗ ಇರುವಲ್ಲೇ ಇರಲು ಬೇಕಾದ ರೇಟ್.

ಇನ್ನೊಂದು ಮಾತು. ಮನೆ ಸಾಲ, ಕ್ರೆಡಿಟ್ ಕಾರ್ಡು ಏನಾದರೂ ಬೇಕಿದ್ದರೆ ಸಂಬಳದ ಚೀಟಿ ಕೈಯಲ್ಲಿದ್ದಾಗಲೇ ಮಾಡಿಸಿಕೊಳ್ಳಿ. ಬಿಟ್ಟ ಮೇಲೆ ಬ್ಯಾಂಕಿನವರಿಗೆ ನಿಮ್ಮ ಮುಖ ಟಿವಿಯಲ್ಲಿ ನೋಡಿ ಗೊತ್ತಿದ್ದರೂ ಕಾಗದ ಕೇಳುತ್ತಾರೆ.

ಟ್ರೈಪಾಡ್
ಮಾಸ್ತರೇ, ಪೇಪರಿನ ಮೇಲೆ ಲೆಕ್ಕ ಚೆನ್ನಾಗಿದೆ. ಆ ರೇಟ್ ಕೇಳಿದರೆ ನಿರ್ಮಾಪಕ "ಯೋಚಿಸಿ ಹೇಳ್ತೀನಿ" ಅಂತ ಫೋನ್ ಇಟ್ಟು ಮುಂದಿನ ನಂಬರ್ ಒತ್ತುತ್ತಾನೆ. ನಾನು ಕ್ಯಾಮೆರಾ ಹಿಂದೆ ನಿಂತು ದಿನಾ ನೋಡುವುದು ಇದನ್ನೇ. ಅರ್ಧ ರೇಟಿಗೆ, ಕೆಲವರು ಪುಕ್ಕಟೆಗೂ ಬರುತ್ತಾರೆ, ಮುಖ ಬರಲಿ ಸಾಕು ಅಂತ.

ಲೆಕ್ಕದ ಮಾಸ್ತರ
ಪುಕ್ಕಟೆ ಬರುವವರ ಜೊತೆ ರೇಟಿನಲ್ಲಿ ಸ್ಪರ್ಧೆ ಮಾಡಿ ಯಾರೂ ಗೆದ್ದಿಲ್ಲ. ಅಂಥ ಕೆಲಸ ಬಿಡಿ ಅನ್ನುತ್ತಿದ್ದೇನೆ.

ಟ್ರೈಪಾಡ್
ಬಿಟ್ಟರೆ ತಿನ್ನುವುದೇನು?

ಹಳೇ ಇಯರ್‌ಪೀಸ್
ಇಬ್ಬರೂ ಸರಿ, ಆದರೆ ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡುತ್ತಿದ್ದೀರಿ. ಟಿವಿ ಮುಖ ಕೊಡುತ್ತದೆ, ದುಡ್ಡು ಬರುವುದು ಬೇರೆ ಕಡೆಯಿಂದ. ಕಂಪನಿ ಸಮಾವೇಶ, ಪ್ರಶಸ್ತಿ ಸಮಾರಂಭ, ತಜ್ಞರ ಸಂವಾದ, ತರಬೇತಿ ವಿಡಿಯೋ, ಹಿನ್ನೆಲೆ ಧ್ವನಿ. ಮಾಸ್ತರ ಲೆಕ್ಕದ ರೇಟ್ ಅಲ್ಲಿ ಸಿಗುತ್ತದೆ. ಅದಕ್ಕೂ ಜಾಸ್ತಿ ಸಿಗುವುದೂ ಉಂಟು. ಟಿವಿಯವರು ಕೊಡುವುದು ಅದರಲ್ಲಿ ಒಂದು ಪಾಲು ಮಾತ್ರ.

ಆದರೆ ಟಿವಿ ಪೂರ್ತಿ ಬಿಟ್ಟರೆ ಸಮಾವೇಶದವರೂ ಕರೆಯುವುದಿಲ್ಲ. ಹಾಗಾಗಿ ಕಡಿಮೆ ದುಡ್ಡಿನ ಒಂದು ಒಳ್ಳೆಯ ಟಿವಿ ಸರಣಿ ಕೈಯಲ್ಲಿ ಇಟ್ಟುಕೊಂಡಿರಬೇಕು. ಇದು ಬಹಳ ಜನಕ್ಕೆ ಅರ್ಥವಾಗುವುದಿಲ್ಲ. ಟಿವಿ ನಿರೂಪಣೆಯೊಂದರಿಂದಲೇ ಬದುಕುತ್ತೇನೆ ಅಂತ ಹೊರಟವರಲ್ಲಿ ಹೆಚ್ಚಿನವರು ಒಂದು ವರ್ಷದೊಳಗೆ ಮತ್ತೆ ಯಾವುದೋ ನ್ಯೂಸ್‌ರೂಮಿನಲ್ಲಿ ಕೂತಿದ್ದನ್ನು ನೋಡಿದ್ದೇನೆ.

ವಾಪಸ್ ಬಂದವ
ಅಂಥವರಲ್ಲಿ ನಾನೂ ಒಬ್ಬ, ಹಾಗಾಗಿ ಮಾತಾಡುತ್ತೇನೆ. ಬಿಟ್ಟಿದ್ದಕ್ಕೆ ಬೇಸರವಿಲ್ಲ, ವಾಪಸ್ ಬಂದದ್ದಕ್ಕೂ ಇಲ್ಲ.

ನನಗೆ ಕೆಲಸ ಸಿಗಲಿಲ್ಲ ಅಂತಲ್ಲ. ಸಿಕ್ಕಿತು, ಒಂದೇ ಸಲಕ್ಕೆ ಸಿಕ್ಕಿತು. ಆಮೇಲೆ ಎರಡು ತಿಂಗಳು ಬರಿಗೈ. ಯಾರು ಕರೆದರೂ ಬೇಡ ಅನ್ನಲು ಧೈರ್ಯ ಬರುತ್ತಿರಲಿಲ್ಲ. ಬೇಡ ಅಂದರೆ ಮತ್ತೆ ಕರೆಯುವುದಿಲ್ಲ ಅನ್ನುವ ಭಯ. ಊರಿಗೆ ಹೋಗಲು ಟಿಕೆಟ್ ಮಾಡಿಸಿದ ವಾರವೇ ಫೋನ್ ಬರುತ್ತದೆ, ಟಿಕೆಟ್ ರದ್ದು. ಶೂಟ್ ಕೂಡ ರದ್ದಾಗುತ್ತದೆ ಅದು ಬೇರೆ ಮಾತು.

ಒಮ್ಮೆ ಗಂಟಲು ಕಟ್ಟಿತು. ಡಾಕ್ಟರು ಹೇಳಿದ್ದು, ಪಿಸುಮಾತು ಕೂಡ ಆಡಬೇಡಿ, ಅದರಿಂದ ಗಂಟಲಿಗೆ ಇನ್ನೂ ಜಾಸ್ತಿ ಆಯಾಸ ಅಂತ. ಚಾನೆಲ್‌ನಲ್ಲಿದ್ದಾಗ ಹೀಗಾದರೆ ಡೆಸ್ಕಿನಲ್ಲಿ ಕೂತು ಸ್ಕ್ರಿಪ್ಟ್ ಬರೆಯುತ್ತಿದ್ದೆ, ಸಂಬಳ ಬರುತ್ತಿತ್ತು. ಹೊರಗಿದ್ದಾಗ ಗಂಟಲು ಹೋದರೆ ಅಂಗಡಿ ಮುಚ್ಚಿದ ಹಾಗೆ. ಆದಾಯ ನಿಂತಾಗ ಕೊಡುವ ವಿಮೆ ಅಂತ ಒಂದಿದೆ ಅನ್ನುವುದೇ ನನಗೆ ಆಗ ಗೊತ್ತಾದದ್ದು.

ಕೊನೆಗೆ ಒಂದು ನಿರ್ಮಾಣ ಸಂಸ್ಥೆ ಇಡೀ ಸರಣಿ ಶೂಟ್ ಮಾಡಿ ಡಬ್ಬದಲ್ಲಿಟ್ಟಿತು. "ಪ್ರಸಾರವಾದ ಮೇಲೆ ಪಾವತಿ" ಅಂತ ಕರಾರಿನಲ್ಲಿತ್ತು. ಪ್ರಸಾರವಾಗಲೇ ಇಲ್ಲ. ಕೇಳಿದಾಗಲೆಲ್ಲ ಅಡ್ಡಗೋಡೆ ಮೇಲೆ ದೀಪ ಇಡುವ ಉತ್ತರ.

ಕರಾರು ಪತ್ರ
@ವಾಪಸ್ ಬಂದವ, ನಿಮ್ಮ ಆ ಕೊನೆಯ ಮಾತಿಗಾಗಿಯೇ ಲಾಗಿನ್ ಆದೆ. ಮಾಧ್ಯಮದ ಕರಾರುಗಳನ್ನು ಓದುವುದು ನನ್ನ ಹೊಟ್ಟೆಪಾಡು.

"ಪ್ರಸಾರವಾದ ಮೇಲೆ" ಅನ್ನುವ ಮಾತು ಎಲ್ಲಿದ್ದರೂ ಹೊಡೆದುಹಾಕಿಸಿ. ನಿಮ್ಮ ಕೆಲಸ ಮುಗಿಯುವುದು ಶೂಟ್ ದಿನ. ಪ್ರಸಾರ ಮಾಡುವುದು ಬಿಡುವುದು ನಿಮ್ಮ ಕೈಯಲ್ಲಿಲ್ಲ. "ಶೂಟ್ ಆದ ಇಷ್ಟು ದಿನದೊಳಗೆ" ಅಂತ ಬರೆಸಿ. ದೊಡ್ಡ ಸರಣಿಯಾದರೆ ಸಹಿ ಹಾಕುವಾಗ ಒಂದು ಭಾಗ, ಮಧ್ಯದಲ್ಲಿ ಒಂದು ಭಾಗ. ತಾರೀಖು ಹಿಡಿದಿಟ್ಟು ಕೊನೇ ಗಳಿಗೆಯಲ್ಲಿ ರದ್ದು ಮಾಡಿದರೆ ಎಷ್ಟು ಕೊಡಬೇಕು ಅನ್ನುವುದೂ ಇರಲಿ. ಆ ದಿನ ನೀವು ಬೇರೆಯವರಿಗೆ ಇಲ್ಲ ಅಂದಿರುತ್ತೀರಿ, ಅಲ್ವಾ?

ಮರುಪ್ರಸಾರ, ಆನ್‌ಲೈನ್ ತುಣುಕು, ಡಬ್ಬಿಂಗ್. "ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ" ಅನ್ನುವ ಸಾಲು ಬಹುತೇಕ ಕರಾರುಗಳಲ್ಲಿ ಇರುತ್ತದೆ. ಅದನ್ನು ತೆಗೆಸುವುದು ಹೊಸಬರಿಗೆ ಕಷ್ಟ. ತೆಗೆಸಲು ಆಗದಿದ್ದರೆ ಅದಕ್ಕೆ ತಕ್ಕ ದುಡ್ಡು ಕೇಳಿ. ನಿಮ್ಮ ಧ್ವನಿ, ಮುಖವನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವ ಹಕ್ಕನ್ನೂ ಇದೇ ಸಾಲಿನಲ್ಲಿ ನುಗ್ಗಿಸುತ್ತಿದ್ದಾರೆ. ಅದಕ್ಕೆ ಮಾತ್ರ ಒಪ್ಪಬೇಡಿ.

ಮತ್ತೆ ಯಾರೂ ಓದದ ಒಂದು ಷರತ್ತು ಇದೆ. ಕಾಯಂ ನೌಕರಿಯಲ್ಲಿ ಇದ್ದಾಗ ನೀವು ಓದಿದ ಸುದ್ದಿಗೆ ಯಾರೋ ಮಾನನಷ್ಟದ ನೋಟಿಸ್ ಕಳಿಸಿದರೆ ಸಾಮಾನ್ಯವಾಗಿ ಚಾನೆಲ್ ವಕೀಲರು ನೋಡಿಕೊಳ್ಳುತ್ತಾರೆ. ನಿಮಗೆ ಗೊತ್ತೂ ಆಗುವುದಿಲ್ಲ. ಫ್ರೀಲಾನ್ಸ್ ಕರಾರಿನಲ್ಲಿ ಬಹಳ ಸಲ ಇದು ತಲೆಕೆಳಗಾಗಿರುತ್ತದೆ. "ನಿರೂಪಕರ ಮಾತಿನಿಂದ ಸಂಸ್ಥೆಗೆ ನಷ್ಟವಾದರೆ ನಿರೂಪಕರೇ ತುಂಬಿಕೊಡಬೇಕು" ಅಂತ. ಸ್ಕ್ರಿಪ್ಟ್ ಅವರದು, ದಂಡ ನಿಮ್ಮದು. ಅವರು ಬರೆದುಕೊಟ್ಟದ್ದಕ್ಕೆ ಅವರೇ ಹೊಣೆ ಅಂತ ಬರೆಸದೆ ಸಹಿ ಹಾಕಬೇಡಿ.

ಬೆಳಗಿನ ಬುಲೆಟಿನ್
ಎಲ್ಲರಿಗೂ ಥ್ಯಾಂಕ್ಸ್, ತಲೆ ತಿರುಗುತ್ತಿದೆ. ನನ್ನ ಈಗಿನ ಕರಾರು ತೆಗೆದು ಓದಿದೆ. ಬಿಟ್ಟ ಮೇಲೆ ಆರು ತಿಂಗಳು ಬೇರೆ ಚಾನೆಲ್‌ನಲ್ಲಿ ಕಾಣಿಸಿಕೊಳ್ಳಬಾರದು ಅಂತ ಇದೆ. ಸಹಿ ಹಾಕುವಾಗ ಇದನ್ನು ಯಾರು ನೋಡಿದ್ದರು! ಇದು ನಿಲ್ಲುತ್ತದಾ?

ಕರಾರು ಪತ್ರ
ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ ದೇಶಕ್ಕೊಂದು ಕಾನೂನು. ಕೆಲವು ಕಡೆ ಇಂಥ ಷರತ್ತಿಗೆ ಬೆಲೆಯೇ ಇಲ್ಲ, ಕೆಲವು ಕಡೆ ಸಮಂಜಸ ಅನ್ನಿಸಿದರೆ ಎತ್ತಿಹಿಡಿಯುತ್ತಾರೆ. ಆದರೆ ನಿಮ್ಮ ತೊಂದರೆ ಕೋರ್ಟಲ್ಲ. ಚಾನೆಲ್ ವಕೀಲರು ನಿಮ್ಮ ಹೊಸ ನಿರ್ಮಾಪಕನಿಗೆ ಒಂದು ಪತ್ರ ಕಳಿಸಿದರೆ ಸಾಕು, ಆತ ಹಿಂದೆ ಸರಿಯುತ್ತಾನೆ. ಅದಕ್ಕೇ ಒಳ್ಳೆಯ ಮಾತಿನಲ್ಲಿ ಹೊರಗೆ ಬನ್ನಿ. "ಸುದ್ದಿ ಕಾರ್ಯಕ್ರಮ ಬಿಟ್ಟು ಬೇರೆ ಏನಾದರೂ ಮಾಡಬಹುದು" ಅಂತ ಒಂದು ಸಾಲು ಬರೆಸಿಕೊಳ್ಳಿ. ನಿಮಗೆ ಬೇಕಿರುವುದೂ ಕ್ವಿಜ್, ವಿಜ್ಞಾನ. ಅವರಿಗೆ ಅದರಿಂದ ನಷ್ಟವಿಲ್ಲ.

ಸುಮ್ನೆ ನೋಡ್ತಿದ್ದೆ
ಪೂರ್ತಿ ಬಿಡೋದೇ ಯಾಕೆ? ವಾರಕ್ಕೆ ಮೂರು ದಿನ ಬುಲೆಟಿನ್, ಉಳಿದ ದಿನ ಹೊರಗೆ ಅಂತ ಕೇಳಬಾರದಾ?

ಪಿಸಿಆರ್ ಪಕ್ಕದವ
ಕೇಳಬಹುದು. ಬೆಳಗಿನ ಪಾಳಿಗೆ ಜನ ಸಿಗುವುದು ಕಷ್ಟ, ಹಾಗಾಗಿ ಒಪ್ಪುವ ಸಾಧ್ಯತೆ ಇದೆ. ಆದರೆ ಮೂರು ದಿನದ ಸಂಬಳಕ್ಕೆ ಏಳು ದಿನದ ಕಟ್ಟುಪಾಡು ಹಾಕುತ್ತಾರೆ. ಅದನ್ನು ನೋಡಿಕೊಳ್ಳಿ.

ಕೇಸು ಓದುವ ಹವ್ಯಾಸಿ
ಇದೇ ವಿಷಯಕ್ಕೆ ಬ್ರಿಟನ್ನಿನಲ್ಲಿ ದೊಡ್ಡ ಜಗಳಗಳೇ ಆಗಿವೆ. ನಿರೂಪಕರು ತಮ್ಮದೇ ಸಣ್ಣ ಕಂಪನಿ ಮಾಡಿಕೊಂಡು ಅದರ ಮೂಲಕ ಚಾನೆಲ್‌ಗೆ ಕೆಲಸ ಮಾಡುತ್ತಿದ್ದರು. ತೆರಿಗೆ ಇಲಾಖೆ "ನೀವು ಹೆಸರಿಗೆ ಮಾತ್ರ ಸ್ವತಂತ್ರರು, ನಿಜದಲ್ಲಿ ನೌಕರರೇ" ಅಂತ ಬೆನ್ನು ಹತ್ತಿತು. 2000ದಲ್ಲಿ ಬಂದ ಐಆರ್35 ಅನ್ನುವ ನಿಯಮ ಅದಕ್ಕೆ ಆಧಾರ.

ಬಿಬಿಸಿಯ ಪ್ರಾದೇಶಿಕ ಸುದ್ದಿ ಓದುತ್ತಿದ್ದ ಕ್ರಿಸ್ಟಾ ಆಕ್ರಾಯ್ಡ್ 2018ರಲ್ಲಿ ಸೋತರು. ಅವರದು 7 ವರ್ಷದ ಕರಾರು. ಏನು ಮಾಡಬೇಕು ಅನ್ನುವುದರ ಹಿಡಿತ ಬಿಬಿಸಿ ಕೈಯಲ್ಲಿತ್ತು ಅಂತ ನ್ಯಾಯಮಂಡಳಿ ಹೇಳಿತು. 4 ಲಕ್ಷ ಪೌಂಡ್‌ಗೂ ಜಾಸ್ತಿ ತೆರಿಗೆ ಬಾಕಿಯ ಪ್ರಶ್ನೆ ಅದು. ಮರುವರ್ಷ 2019ರಲ್ಲಿ ಐಟಿವಿಯ ಲೊರೇನ್ ಕೆಲ್ಲಿ ಸುಮಾರು 12 ಲಕ್ಷ ಪೌಂಡ್‌ನ ಕೇಸು ಗೆದ್ದರು. ಕಾರ್ಯಕ್ರಮದ ಮೇಲೆ ಅವರಿಗೇ ಹಿಡಿತ ಇತ್ತು, ಬೇರೆ ಕಡೆಯೂ ದುಡಿಯುತ್ತಿದ್ದರು, ಪರದೆ ಮೇಲೆ ಕಾಣುವುದು ಅವರೇ ಕಟ್ಟಿಕೊಂಡ ಒಂದು ವ್ಯಕ್ತಿತ್ವ ಅಂತ ತೀರ್ಪು ಬಂತು.

ಹಾಗಾಗಿ ಮೇಲೆ ಹೇಳಿದ ಮೂರು ದಿನದ ಏರ್ಪಾಡು ಇದೆಯಲ್ಲ, ಅದು ಒಳ್ಳೆಯದೇ. ಆದರೆ "ಫ್ರೀಲಾನ್ಸ್" ಅಂತ ಹೆಸರಿಟ್ಟು ಪಾಳಿ, ಮೇಜು, ಹಾಜರಿ, ನಿರ್ಬಂಧ ಎಲ್ಲ ಹಳೆಯದೇ ಆದರೆ ಅದರಲ್ಲಿ ನಿಮಗೇನು ಸಿಕ್ಕಿತು? ರಜೆ, ವಿಮೆ ಹೋಯಿತು ಅಷ್ಟೇ.

ಟ್ರೈಪಾಡ್
ಅಲ್ಲಿಯ ಕೇಸು ಅಲ್ಲಿಗೆ. ಇಲ್ಲಿ ನಮಗೇನು ಸಂಬಂಧ?

ಕೇಸು ಓದುವ ಹವ್ಯಾಸಿ
ನಿಯಮ ಅಲ್ಲಿಯದು, ಒಪ್ಪಿದೆ. ಪ್ರಶ್ನೆ ಎಲ್ಲ ಕಡೆಯದೂ. ಯಾರ ಹಿಡಿತ, ಬೇರೆ ಕಡೆ ದುಡಿಯಬಹುದಾ, ಕಾಯಿಲೆ ಬಿದ್ದರೆ ಯಾರು ಕೊಡುತ್ತಾರೆ. ನಿಮ್ಮ ಲೆಕ್ಕಪತ್ರದವರನ್ನು ಕೇಳಿ ನೋಡಿ, ಅವರೂ ಇದನ್ನೇ ಕೇಳುತ್ತಾರೆ.

ಇನ್ನೊಂದು ಕೇಸು ಹೇಳಿಬಿಡುತ್ತೇನೆ, ಮುಖ ಮರೆಯುತ್ತಾರಾ ಅಂತ ಕೇಳಿದ್ದಕ್ಕೆ. ಬಿಬಿಸಿಯ ಗ್ರಾಮೀಣ ಕಾರ್ಯಕ್ರಮವೊಂದನ್ನು 2009ರಲ್ಲಿ ಒಳ್ಳೆಯ ಸಮಯಕ್ಕೆ ಬದಲಿಸಿದಾಗ ಮಿರಿಯಮ್ ಓ'ರೈಲಿ ಅವರನ್ನು ಕೈಬಿಟ್ಟರು. ಅವರ ವಯಸ್ಸು ಐವತ್ತು ದಾಟಿತ್ತು. 2011ರಲ್ಲಿ ವಯಸ್ಸಿನ ತಾರತಮ್ಯದ ಕೇಸು ಗೆದ್ದರು. ಹೆಣ್ಣು ಅನ್ನುವ ಕಾರಣಕ್ಕೆ ತಾರತಮ್ಯ ಆಯಿತು ಅನ್ನುವ ವಾದವನ್ನು ಮಾತ್ರ ಮಂಡಳಿ ಒಪ್ಪಲಿಲ್ಲ.

ಹಳೇ ಇಯರ್‌ಪೀಸ್
ಕೇಸು ಗೆಲ್ಲುವುದು ಬೇರೆ, ಕರೆ ಬರುವುದು ಬೇರೆ. ನಲವತ್ತೈದು ದಾಟಿದ ಮೇಲೆ ನಿರೂಪಕರಿಗೆ "ಅನುಭವಿ" ಅಂತಾರೆ, ನಿರೂಪಕಿಯರಿಗೆ "ಹೊಸ ಮುಖ ನೋಡುತ್ತಿದ್ದೇವೆ" ಅಂತಾರೆ. ಕಾನೂನು ಕೇಳಿದರೆ ಇಬ್ಬರೂ ಸಮ.

ಇದಕ್ಕೆ ನಾನು ಕಂಡುಕೊಂಡ ದಾರಿ, ಒಂದು ವಿಷಯವನ್ನು ನಿಮ್ಮದು ಮಾಡಿಕೊಳ್ಳುವುದು. ಬರೀ ನಿರೂಪಕಿ ಆಗಿದ್ದರೆ ಯಾರನ್ನು ಬೇಕಾದರೂ ನಿಮ್ಮ ಜಾಗಕ್ಕೆ ತರಬಹುದು. ಆರೋಗ್ಯದ ಸಂವಾದ ಅಂದರೆ ಇವರೇ, ಹಣಕಾಸು ಅಂದರೆ ಇವರೇ ಅನ್ನುವ ಹಾಗಾದರೆ ವಯಸ್ಸು ಹಿಂದೆ ಸರಿಯುತ್ತದೆ. ನಿಮಗೆ ವಿಜ್ಞಾನ ಇಷ್ಟ ಅಂದಿರಿ. ಹಾಗಾದರೆ ವಿಜ್ಞಾನಿಗಳ ಜೊತೆ ಇಂದಿನಿಂದಲೇ ಮಾತಾಡಿ, ಓದಿ, ಬರೆಯಿರಿ. ನಿರ್ಮಾಪಕ ತಜ್ಞರನ್ನು ಹುಡುಕುವಾಗ ನಿಮಗೆ ಫೋನ್ ಮಾಡಬೇಕು. ತಜ್ಞರ ನಂಬರ್ ಕೇಳಲು ಬಂದವನು ಕೆಲಸವನ್ನೂ ಕೊಟ್ಟು ಹೋಗುತ್ತಾನೆ.

ಬಿಸಿಲುಕುದುರೆ
ಇನ್ನು ಐದು ವರ್ಷಕ್ಕೆ ನಿರೂಪಕರೇ ಇರಲ್ಲ ಬಿಡಿ. ಚೀನಾದ ಸುದ್ದಿಸಂಸ್ಥೆ ಶಿನ್‌ಹುವಾ 2018ರಲ್ಲೇ ಎಐ ಆಂಕರ್ ತಂದಿತು. ಸಂಬಳ ಇಲ್ಲ, ರಜೆ ಇಲ್ಲ, ಗಂಟಲು ಕಟ್ಟಲ್ಲ.

ಪಿಸಿಆರ್ ಪಕ್ಕದವ
2018ರಲ್ಲಿ ಬಂತು, ಸರಿ. ನೀವು ದಿನಾ ಅದನ್ನೇ ನೋಡುತ್ತೀರಾ? ಸ್ಕ್ರಿಪ್ಟ್ ಕೊಟ್ಟರೆ ಅದು ಓದುತ್ತದೆ. ಎದುರಿಗೆ ಕೂತ ಮಂತ್ರಿ ಪ್ರಶ್ನೆ ತಪ್ಪಿಸಿಕೊಂಡಾಗ ಹಿಡಿದು ಕೂರಿಸುತ್ತದಾ?

ಬಿಸಿಲುಕುದುರೆ
ಮನುಷ್ಯ ಆಂಕರ್‌ಗಳು ಕೂರಿಸುತ್ತಾರಾ ಹೇಳಿ ಮೊದಲು 😄

ವಾಪಸ್ ಬಂದವ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿರ್ವಾಹಕ
ಎಐ ಬಗ್ಗೆ ಬೇರೆ ಥ್ರೆಡ್ ಇದೆ, ಅಲ್ಲಿ ಹೊಡೆದಾಡಿ. ಇಲ್ಲಿ ವಿಷಯಕ್ಕೆ ಬನ್ನಿ.

ಟ್ರೈಪಾಡ್
ವಿಷಯಕ್ಕೇ ಬರುತ್ತೇನೆ. ಕ್ಯಾಮೆರಾ ಕಡೆಯಿಂದ ಸಣ್ಣ ಸಣ್ಣದು, ಯಾರೂ ಹೇಳಿಕೊಡುವುದಿಲ್ಲ. ನಿಮ್ಮದೇ ಇಯರ್‌ಪೀಸ್ ಮಾಡಿಸಿಕೊಳ್ಳಿ, ಕಿವಿಯ ಅಚ್ಚು ತೆಗೆದು ಮಾಡುತ್ತಾರೆ. ಎಲ್ಲರೂ ಹಾಕಿದ್ದನ್ನು ನೀವೂ ಹಾಕಿಕೊಳ್ಳಬೇಕಿಲ್ಲ, ಮಾತಾಡುವಾಗ ಜಾರುವುದೂ ಇಲ್ಲ.

ಬಟ್ಟೆ. ಚಾನೆಲ್‌ನಲ್ಲಿ ಆರಿಸಿಕೊಡುವವರು ಇದ್ದರು, ಈಗ ನೀವೇ. ಸಣ್ಣ ಗೆರೆ, ಸಣ್ಣ ಚೌಕಳಿ ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಮಿನುಗುತ್ತದೆ. ಹಿಂದೆ ಹಸಿರು ಪರದೆ ಇದೆಯಾ ಅಂತ ಮೊದಲೇ ಕೇಳಿ. ಇದ್ದರೆ ಹಸಿರು ಮುಟ್ಟಬೇಡಿ, ನಿಮ್ಮ ಹೊಟ್ಟೆ ಜಾಗದಲ್ಲಿ ಹವಾಮಾನದ ನಕ್ಷೆ ಕಾಣುತ್ತದೆ. ಮೈಕ್‌ನ ಟ್ರಾನ್ಸ್‌ಮಿಟರ್ ಸಿಕ್ಕಿಸಲು ಸೊಂಟದ ಪಟ್ಟಿ ಇರುವ ಬಟ್ಟೆ ಬೇಕು. ಗೌನ್ ಹಾಕಿಕೊಂಡು ಬಂದು ಅದನ್ನು ಎಲ್ಲಿ ಸಿಕ್ಕಿಸುವುದು ಅಂತ ಸೌಂಡ್ ಹುಡುಗನ ಮುಖ ನೋಡುತ್ತಾ ನಿಲ್ಲುವವರು ಬಹಳ. ಒಂದು ಸಣ್ಣ ಎಲಾಸ್ಟಿಕ್ ಬೆಲ್ಟ್ ಬ್ಯಾಗಿನಲ್ಲಿ ಇಟ್ಟುಕೊಂಡರೆ ಮುಗಿಯಿತು. ಕುತ್ತಿಗೆಯ ಸರ ಮೈಕಿಗೆ ತಾಗಿ ಕಿಟಿಕಿಟಿ ಅನ್ನದಿರಲಿ.

ಇಷ್ಟು ಮಾಡಿಕೊಂಡು ಬಂದರೆ ಕ್ಯಾಮೆರಾದವರು, ಸೌಂಡ್‌ನವರು ಬೇರೆ ಸೆಟ್‌ನಲ್ಲಿ ನಿಮ್ಮ ಹೆಸರು ಹೇಳುತ್ತಾರೆ. ಅರ್ಧ ಕೆಲಸ ಬರುವುದೇ ಹಾಗೆ. ರೇಟ್ ವಿಷಯದಲ್ಲಿ ಮಾಸ್ತರ ಜೊತೆ ನನಗೆ ಇನ್ನೂ ಒಪ್ಪಿಗೆ ಇಲ್ಲ.

ಲೆಕ್ಕದ ಮಾಸ್ತರ
ಗೊತ್ತು ಬಿಡಿ 🙂 ಬಂದ ಪ್ರತಿ ದುಡ್ಡಿನಲ್ಲಿ ತೆರಿಗೆಯ ಪಾಲನ್ನು ಆವತ್ತೇ ಬೇರೆ ಖಾತೆಗೆ ಹಾಕಿ ಅನ್ನುವುದಕ್ಕಾದರೂ ಒಪ್ಪುತ್ತೀರಾ?

ಟ್ರೈಪಾಡ್
ಅದಕ್ಕೆ ಒಪ್ಪುತ್ತೇನೆ.

ಬೆಳಗಿನ ಬುಲೆಟಿನ್
ಇಬ್ಬರು ನಿರ್ಮಾಪಕರಿಗೂ ಫೋನ್ ಮಾಡಿ ತಾರೀಖು ಕೇಳಿದೆ. ಒಬ್ಬರು "ನೋಡೋಣ, ಮುಂದಿನ ಸೀಸನ್" ಅಂದರು. ಇನ್ನೊಬ್ಬರು ಶೋರೀಲ್ (ನನ್ನ ಕೆಲಸದ ತುಣುಕುಗಳ ವಿಡಿಯೋ) ಕಳಿಸಿ, ಆಮೇಲೆ ಒಂದು ಪೈಲಟ್ (ಮಾದರಿ ಕಂತು) ಮಾಡೋಣ ಅಂದರು. ನನ್ನ ಹತ್ತಿರ ಇರುವುದೆಲ್ಲ ಚಾನೆಲ್ ತುಣುಕುಗಳೇ. ಅದನ್ನು ಹಾಕಬಹುದಾ? ರೀಲ್ ಎಷ್ಟು ಉದ್ದ ಇರಬೇಕು?

ಕರಾರು ಪತ್ರ
ತುಣುಕಿನ ಹಕ್ಕು ಸಾಮಾನ್ಯವಾಗಿ ಚಾನೆಲ್‌ನದು. ರೀಲಿಗೆ ಬಳಸಲು ಬಹಳ ಜನ ಕೇಳದೇ ಬಳಸುತ್ತಾರೆ. ನೀವು ಕೇಳಿ. ಹೊರಡುವ ಮಾತುಕತೆಯಲ್ಲೇ ಇಮೇಲ್‌ನಲ್ಲಿ ಒಂದು ಒಪ್ಪಿಗೆ ತೆಗೆದುಕೊಳ್ಳಿ. ಆವತ್ತು ಹೂಂ ಅನ್ನುತ್ತಾರೆ, ಬಿಟ್ಟು ಮೂರು ತಿಂಗಳಾದ ಮೇಲೆ ಯಾರೂ ಉತ್ತರ ಕೊಡುವುದಿಲ್ಲ. ನಿಮ್ಮ ಸೋಷಿಯಲ್ ಮೀಡಿಯಾ ಖಾತೆಯ ಹೆಸರಿನಲ್ಲಿ ಚಾನೆಲ್ ಹೆಸರು ಸೇರಿದ್ದರೆ ಅದನ್ನೂ ಈಗಲೇ ಇತ್ಯರ್ಥ ಮಾಡಿಕೊಳ್ಳಿ.

ಪಿಸಿಆರ್ ಪಕ್ಕದವ
ರೀಲ್ ಎರಡು ನಿಮಿಷ ದಾಟಬಾರದು. ಸಂಗೀತ, ಹಾರುವ ಅಕ್ಷರ, ನಿಮ್ಮ ಹೆಸರಿನ ಅನಿಮೇಷನ್ ಯಾವುದೂ ಬೇಡ. ಮೊದಲ ಐದು ಸೆಕೆಂಡಿನಲ್ಲಿ ನೀವು ಕ್ಯಾಮೆರಾಗೆ ಮಾತಾಡುತ್ತಿರಬೇಕು. ಬುಲೆಟಿನ್ ಓದುವುದು ಹತ್ತು ಸೆಕೆಂಡ್ ಸಾಕು. ಸುದ್ದಿ ಓದುವವರ ರೀಲಿನಲ್ಲಿ ಎಲ್ಲರೂ ನೋಡುವುದು ಪ್ರಾಂಪ್ಟರ್ ಇಲ್ಲದೆ ಹೇಗೆ ಮಾತಾಡುತ್ತಾರೆ ಅಂತ. ಚರ್ಚೆಯಲ್ಲಿ ಯಾರೋ ಅಡ್ಡ ಮಾತಾಡಿದಾಗ ನೀವು ತಡೆದದ್ದು, ನಕ್ಕದ್ದು, ಲೈನ್ ಕಡಿದಾಗ ಸಂಭಾಳಿಸಿದ್ದು ಇದ್ದರೆ ಅದನ್ನು ಹಾಕಿ. ವಿಜ್ಞಾನ ಬೇಕು ಅಂದರೆ ಫೋನಿನಲ್ಲೇ ಒಂದು ನಿಮಿಷ ಏನಾದರೂ ವಿವರಿಸಿ ಹೊಸದಾಗಿ ಶೂಟ್ ಮಾಡಿ. ಚಾನೆಲ್ ಒಪ್ಪಿಗೆಯ ಗೊಡವೆಯೂ ಇಲ್ಲ.

ಸುಮ್ನೆ ನೋಡ್ತಿದ್ದೆ
ಪೈಲಟ್‌ಗೆ ದುಡ್ಡು ಕೊಡ್ತಾರಾ?

ಹಳೇ ಇಯರ್‌ಪೀಸ್
ಸ್ಕ್ರೀನ್ ಟೆಸ್ಟ್ ಅಂದರೆ ಕೊಡುವುದಿಲ್ಲ, ಅರ್ಧ ಗಂಟೆ ಹೋಗಿ ಬನ್ನಿ. ಪೈಲಟ್ ಅಂದರೆ ಇಡೀ ದಿನದ ಕೆಲಸ, ಅದನ್ನು ತೋರಿಸಿ ಅವರು ಚಾನೆಲ್‌ಗೆ ಮಾರುತ್ತಾರೆ. ಪೂರ್ತಿ ರೇಟ್ ಸಿಗದಿದ್ದರೂ ಒಂದು ಮೊತ್ತ ಕೇಳಿ. ಜೊತೆಗೆ "ಸರಣಿ ಆದರೆ ನಿರೂಪಕಿ ಇವರೇ" ಅಂತ ಬರೆಸಿಕೊಳ್ಳಿ. ಪೈಲಟ್ ಒಬ್ಬರ ಹತ್ತಿರ ಮಾಡಿಸಿ, ಸರಣಿ ಇನ್ನೊಬ್ಬರಿಗೆ ಕೊಡುವುದು ನನ್ನ ಕಣ್ಣೆದುರೇ ನಡೆದಿದೆ.

ಬೆಳಗಿನ ಬುಲೆಟಿನ್
ಬರೆಸಿಕೊಳ್ಳುತ್ತೇನೆ. ರಾಜೀನಾಮೆ ಪತ್ರ ಇನ್ನೂ ಕೊಟ್ಟಿಲ್ಲ. ಮೊದಲು ಪೈಲಟ್‌ಗೆ ಒಂದು ದಿನ ರಜೆ, ಹೊರಗಿನ ಕೆಲಸಕ್ಕೆ ಅನುಮತಿ ಎರಡನ್ನೂ ಲಿಖಿತವಾಗಿ ಕೇಳಿದ್ದೇನೆ.

ವಾಪಸ್ ಬಂದವ
ಅನುಮತಿ ಸಿಕ್ಕರೆ ಹೇಳಿ, ನನ್ನ ಚಾನೆಲ್‌ನಲ್ಲೂ ಅದೇ ಪತ್ರದ ನಕಲು ಕೊಡುತ್ತೇನೆ.